ಹುಟ್ಟಿದ ಹಾಗೆಯೇ ಇರಬೇಕೇ?

ಸಂಪಾದಕರು ಕವಿತೆ ಕೇಳಿದ್ದರು. ನನ್ನ ಹತ್ತಿರ ಇರುವುದು ಕಾರಿನ ವಿಷಯ. ಅದೂ ಷೋರೂಮಿನಲ್ಲಿ ಸಿಗುವ ಕಾರಲ್ಲ. ನಾಲ್ಕು ಗುಜರಿ ಸುತ್ತಿ, ಒಂದರ ಬಾಡಿ, ಇನ್ನೊಂದರ ಎಂಜಿನ್, ಮತ್ತೊಂದರ ಬ್ರೇಕು, ರೇಸಿನಲ್ಲಿ ಓಡಿ ನಿವೃತ್ತವಾದ ಯಾವುದೋ ಬಂಡಿಯ ಆಕ್ಸಲ್ಲು ತಂದು ಜೋಡಿಸಿದ ಕಾರು. ಅಮೆರಿಕದವರು ಇದನ್ನು ಹಾಟ್ ರಾಡ್ ಅನ್ನುತ್ತಾರೆ. ಮೆಕ್ಯಾನಿಕಲ್ ಓದುವವನಿಗೆ ಇಂಥ ಹುಚ್ಚು ಹಿಡಿದರೆ ಆಶ್ಚರ್ಯವೇನಿಲ್ಲ. ಆದರೆ ಸಾಹಿತ್ಯ ಸಂಘದ ಪತ್ರಿಕೆಯಲ್ಲಿ ಇದಕ್ಕೇನು ಕೆಲಸ ಅಂತ ಕೇಳುವವರು ಕೊನೆಯವರೆಗೂ ಓದಿ, ಆಮೇಲೆ ಬೈಯಿರಿ.

ಹಾಟ್ ರಾಡಿನ ಚಿತ್ರ ತೋರಿಸಿದಾಗಲೆಲ್ಲ ನಮ್ಮ ಗೆಳೆಯರಲ್ಲಿ ಎರಡು ಬಗೆಯ ಮಾತು ಕೇಳಿದ್ದೇನೆ. ಒಂದು: "ತೊಂಬತ್ತು ವರ್ಷದ ಕಾರನ್ನು ಕೊಯ್ದು ಹಾಕಿದಾರಲ್ಲಾ, ಇದು ಪರಂಪರೆಯ ಕೊಲೆ." ಇನ್ನೊಂದು: "ದುಡ್ಡು ಹೆಚ್ಚಾದವರ ಆಟ, ನಮಗ್ಯಾಕೆ?" ಮೊದಲನೆಯವರು ಹಳತನ್ನು ಗಾಜಿನ ಪೆಟ್ಟಿಗೆಯಲ್ಲಿಡಲು ಬಯಸುವವರು. ಎರಡನೆಯವರು ಇವತ್ತಿನ ಬೆಲೆ ನೋಡಿ ನಿನ್ನೆಯ ಕತೆ ಮರೆತವರು. ನನ್ನ ವಾದ ಇಷ್ಟು: ಹಳೆಯ ವಸ್ತುವನ್ನು ಬದಲಿಸಿದ್ದಾರೋ ಇಲ್ಲವೋ ಎಂಬುದು ತಪ್ಪು ಪ್ರಶ್ನೆ. ಜೋಡಿಸಿದ ಪ್ರತಿಯೊಂದು ಭಾಗಕ್ಕೂ ಅಲ್ಲಿ ಕೆಲಸವಿದೆಯೇ, ಆ ಬಂಡಿ ನೆಟ್ಟಗೆ ಓಡಿ ನೆಟ್ಟಗೆ ನಿಲ್ಲುತ್ತದೆಯೇ, ಇದೇ ಸರಿಯಾದ ಪ್ರಶ್ನೆ. ನಮ್ಮ ದೇಶದ ಕಾನೂನು ಸದ್ಯಕ್ಕೆ ಮೊದಲನೆಯ ಪ್ರಶ್ನೆಯನ್ನೇ ಕೇಳುತ್ತಿದೆ ಎಂಬುದು ನನ್ನ ತಕರಾರು.

ಮೊದಲು ಕತೆ. ಹೆನ್ರಿ ಫೋರ್ಡ್‌ನ ಕಾರ್ಖಾನೆ 1908ರಿಂದ 1927ರವರೆಗೆ ಸುಮಾರು ಒಂದೂವರೆ ಕೋಟಿ ಮಾಡೆಲ್ ಟಿ ಕಾರುಗಳನ್ನು ಹೊರಗೆ ಬಿಟ್ಟಿತು. ಆಮೇಲೆ ಮಾಡೆಲ್ ಎ ಬಂತು. 1932ರಲ್ಲಿ ಸಾಮಾನ್ಯರ ಕೈಗೆಟುಕುವ ಬೆಲೆಗೆ ಎಂಟು ಸಿಲಿಂಡರಿನ ವಿ-8 ಎಂಜಿನ್ ಬಂತು: 221 ಘನ ಅಂಗುಲ, ಅಂದರೆ 3.6 ಲೀಟರು, 65 ಅಶ್ವಶಕ್ತಿ. ಅಲ್ಲಿಯವರೆಗೆ ವಿ-8 ಅಂದರೆ ಸಿರಿವಂತರ ಸೊತ್ತು. ಆರ್ಥಿಕ ಕುಸಿತದ ಆ ವರ್ಷಗಳಲ್ಲಿ ಕ್ಯಾಲಿಫೋರ್ನಿಯಾದ ಹುಡುಗರಿಗೆ ಹೊಸ ಕಾರು ಕೊಳ್ಳುವ ತಾಕತ್ತಿರಲಿಲ್ಲ, ಆದರೆ ಗುಜರಿಯಲ್ಲಿ ಹಳೆಯ ಫೋರ್ಡುಗಳು ರಾಶಿ ಬಿದ್ದಿದ್ದವು. ಲಾಸ್ ಏಂಜಲೀಸಿನ ಆಚೆ ಮೊಹಾವಿ ಮರುಭೂಮಿಯಲ್ಲಿ ಮ್ಯೂರಾಕ್‌ನಂಥ ಒಣಗಿದ ಕೆರೆಗಳಿದ್ದವು. ಹಪ್ಪಳದ ಹಾಗೆ ಚಪ್ಪಟೆ, ಮೈಲಿಗಟ್ಟಲೆ ಒಂದು ಗಿಡವಿಲ್ಲ. ಗುಜರಿ ಇತ್ತು, ಬಯಲಿತ್ತು, ಕೈಯಲ್ಲಿ ಕಸುಬಿತ್ತು. ಇನ್ನೇನು ಬೇಕು?

ವಾರವೆಲ್ಲ ಅದೇ ಕಾರಿನಲ್ಲಿ ಕೆಲಸಕ್ಕೆ ಹೋಗುವುದು. ಭಾನುವಾರ ಕೆರೆಯ ಬಯಲಿಗೆ ಹೋಗಿ ಮಡ್‌ಗಾರ್ಡು, ಹೆಡ್‌ಲೈಟು, ಮುಂದಿನ ಗಾಜು ಎಲ್ಲ ಬಿಚ್ಚಿಟ್ಟು, ಗಡಿಯಾರದ ಎದುರು ಓಡಿಸಿ ವೇಗ ಬರೆಸಿಕೊಳ್ಳುವುದು. ಸಂಜೆ ಎಲ್ಲ ಮತ್ತೆ ಸಿಕ್ಕಿಸಿ ಮನೆಗೆ ಬರುವುದು. 1937ರಲ್ಲಿ ಈ ಹುಡುಗರ ಕ್ಲಬ್ಬುಗಳು ಸೇರಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಕಟ್ಟಿದವು. ಯುದ್ಧದಿಂದ ಮರಳಿದವರು ಈ ಹುಚ್ಚಿಗೆ ಇನ್ನಷ್ಟು ಎಣ್ಣೆ ಹೊಯ್ದರು. ಬಿಲ್ ಬರ್ಕ್ ಎಂಬಾತ 1946ರಲ್ಲಿ ಯುದ್ಧವಿಮಾನದ ಹೊಟ್ಟೆಯಡಿ ನೇತಾಡಿಸುವ ಪೆಟ್ರೋಲು ಟ್ಯಾಂಕನ್ನೇ ಕಾರಿನ ಬಾಡಿ ಮಾಡಿಕೊಂಡ. ಗಾಳಿ ಸೀಳಲೆಂದೇ ರೂಪಿಸಿದ ಹನಿಯಾಕಾರದ ಟ್ಯಾಂಕು. ನಾಲ್ಕು ಚಕ್ರ ಹಚ್ಚಿದರೆ ರೇಸುಗಾಡಿ. ಅಂಥದ್ದೇ ಇನ್ನೊಂದು ಟ್ಯಾಂಕಿನಲ್ಲಿ ಅಲೆಕ್ಸ್ ಝೈಡಿಯಾಸ್‌ನ ಸೋ-ಕಾಲ್ ಸ್ಪೀಡ್ ಶಾಪಿನವರು 1952ರಲ್ಲಿ ಗಂಟೆಗೆ 198 ಮೈಲಿ ಮುಟ್ಟಿದರು. ಎಂಜಿನ್ ಮಾತ್ರ ಊರ ರಸ್ತೆಯ ಮರ್ಕ್ಯುರಿ ಕಾರಿನ ವಂಶದ್ದು.

ಈಗ ಒಂದು ಹಾಟ್ ರಾಡನ್ನು ಬಿಡಿಸಿ ನೋಡೋಣ. ಒಬ್ಬರ ಕಾರಲ್ಲ, ಆ ಕಾಲದ ಬಲ್ಲವರು ಕಟ್ಟುತ್ತಿದ್ದ ಜಾತಿ. ಬಾಡಿ 1929ರ ಮಾಡೆಲ್ ಎ ರೋಡ್‌ಸ್ಟರಿನದು, ಯಾಕೆಂದರೆ ಹಗುರ, ಚಿಕ್ಕದು. ಚಾಸಿ 1932ರ ಫೋರ್ಡಿನದು, ಯಾಕೆಂದರೆ ಗಟ್ಟಿ, ವಿ-8 ಹೊರುವುದಕ್ಕೆಂದೇ ಆದದ್ದು. ಬ್ರೇಕು 1939 ಅಥವಾ ಆಮೇಲಿನ ಫೋರ್ಡಿನದು, ಯಾಕೆಂದರೆ ಆ ವರ್ಷದವರೆಗೆ ಫೋರ್ಡ್ ಕಾರುಗಳಲ್ಲಿ ಯಾಂತ್ರಿಕವಾಗಿ ಎಳೆದು ಹಿಡಿಸುವ ಬ್ರೇಕೇ ಇತ್ತು. ಎಣ್ಣೆಯ ಒತ್ತಡದ ಬ್ರೇಕು ಬಂದದ್ದು 1939ರಲ್ಲಿ. ಒಂದು ಕಾರ್ಬುರೇಟರ್ ಇದ್ದಲ್ಲಿ ಎರಡು ಅಥವಾ ಮೂರು ಸ್ಟ್ರಾಂಬರ್ಗ್ 97. ಆ 97 ಎಂದರೆ ಗಾಳಿ ಹಾಯುವ ಗಂಟಲಿನ ಅಗಲ, 0.97 ಅಂಗುಲ. ಹಿಂದುಗಡೆ, ಟೆಡ್ ಹ್ಯಾಲಿಬ್ರ್ಯಾಂಡ್ ರೇಸುಗಾಡಿಗಳಿಗಾಗಿ ಮಾಡಿದ ಕ್ವಿಕ್-ಚೇಂಜ್ ಆಕ್ಸಲ್.

ಈ ಕ್ವಿಕ್-ಚೇಂಜ್ ಅಂದರೇನು ಅಂತ ಹೇಳಲೇಬೇಕು, ನನ್ನ ವಾದ ಅದರ ಮೇಲೇ ನಿಂತಿದೆ. ಮಾಮೂಲಿ ಕಾರಿನಲ್ಲಿ ಎಂಜಿನ್ ಎಷ್ಟು ಸುತ್ತಿದರೆ ಚಕ್ರ ಒಂದು ಸುತ್ತು ಎಂಬ ಲೆಕ್ಕವನ್ನು ಡಿಫರೆನ್ಷಿಯಲ್ಲಿನೊಳಗೆ ಕಾರ್ಖಾನೆಯಲ್ಲೇ ಬರೆದಿಟ್ಟಿರುತ್ತಾರೆ. ಅದನ್ನು ಬದಲಿಸಬೇಕಾದರೆ ಇಡೀ ಆಕ್ಸಲ್ ಬಿಚ್ಚಬೇಕು. ರೇಸಿನವನಿಗೆ ಅಷ್ಟು ಪುರುಸೊತ್ತಿಲ್ಲ. ಚಿಕ್ಕ ಟ್ರ್ಯಾಕಿಗೆ ಎಳೆತ ಬೇಕು, ಉದ್ದ ಟ್ರ್ಯಾಕಿಗೆ ವೇಗ ಬೇಕು. ಹ್ಯಾಲಿಬ್ರ್ಯಾಂಡಿನ ಆಕ್ಸಲ್ಲಿಗೆ ಹಿಂದೆ ಒಂದು ಮುಚ್ಚಳ. ಅದರ ಬೋಲ್ಟು ತೆಗೆದರೆ ಒಳಗೆ ಎರಡು ಹಲ್ಲುಚಕ್ರ. ಆ ಜೋಡಿ ತೆಗೆದು ಬೇರೆ ಜೋಡಿ ಹಾಕಿದರೆ ಮುಗಿಯಿತು, ಕೆಲವೇ ನಿಮಿಷದ ಕೆಲಸ. ಇಂಥ ಆಕ್ಸಲ್ ಹಾಕಿಕೊಂಡ ಹುಡುಗ ಶನಿವಾರ ಪೇಟೆಯಲ್ಲಿ ಒಂದು ಲೆಕ್ಕದಲ್ಲಿ, ಭಾನುವಾರ ಕೆರೆಯ ಬಯಲಿನಲ್ಲಿ ಇನ್ನೊಂದು ಲೆಕ್ಕದಲ್ಲಿ ಓಡಿಸಬಹುದು. ಭಾಗಕ್ಕೆ ಕೆಲಸವಿದೆ, ಆದ್ದರಿಂದ ಅಲ್ಲಿ ಅದು ಚಂದ.

ಅದೇ ಆಕ್ಸಲ್ಲನ್ನು ಇವತ್ತು ಪ್ರದರ್ಶನಕ್ಕೆ ಲಾರಿಯ ಮೇಲೆ ಹೋಗಿ ಲಾರಿಯ ಮೇಲೆ ಬರುವ ಕಾರಿಗೆ ಕೂರಿಸಿ, ಮುಚ್ಚಳಕ್ಕೆ ಕ್ರೋಮು ಬಳಿದು ತೋರಿಸುವವರಿದ್ದಾರೆ. ಮುಚ್ಚಳ ಒಮ್ಮೆಯೂ ಬಿಚ್ಚಿರುವುದಿಲ್ಲ. ಇನ್ನು ಕೆಲವರು ಹೊಸ ತಗಡಿಗೆ ಔಷಧಿ ಹಚ್ಚಿ ತುಕ್ಕು ಬರಿಸುತ್ತಾರೆ! ನಾಲ್ಕು ದಶಕ ಬಿಸಿಲು ಮಳೆ ಕಂಡ ಹಾಗೆ ಕಾಣಬೇಕಂತೆ. ಇದನ್ನು ನಾನು ಒಪ್ಪುವುದಿಲ್ಲ. ಎರಡನೆಯ ಗುಂಪಿನ ಗೆಳೆಯರು ದುಡ್ಡಿನವರ ಆಟ ಎನ್ನುವಾಗ ನೋಡುತ್ತಿರುವುದು ಈ ಕಾರುಗಳನ್ನು. ಗುಜರಿಯಲ್ಲಿ ಕೆಲವು ಡಾಲರಿಗೆ ಸಿಗುತ್ತಿದ್ದ 1932ರ ಚಾಸಿ ಈಗ ಒಡವೆಯಂತೆ ಮಾರಾಟವಾಗುತ್ತದೆ. ಸಾಲದ್ದಕ್ಕೆ ಅದರ ಹೊಸ ನಕಲುಗಳನ್ನು ಅಚ್ಚು ಹಾಕಿ ಮಾರುತ್ತಾರೆ. ಬಡತನದಲ್ಲಿ ಹುಟ್ಟಿದ ಕಲೆಯನ್ನು ಹಣ ಕೊಂಡುಕೊಂಡಿತು ಅಂತ ಕಲೆಯನ್ನೇ ದೂರಬೇಕೇ?

ಇನ್ನೊಂದು ಉದಾಹರಣೆ ನೋಡಿ. ಫೋರ್ಡಿನ ಆ ವಿ-8ಕ್ಕೆ ಒಂದು ಹುಟ್ಟುದೋಷವಿತ್ತು. ಸುಟ್ಟ ಹೊಗೆ ಹೊರಹೋಗುವ ದಾರಿ ಎಂಜಿನ್ ಬ್ಲಾಕಿನೊಳಗೇ, ಸಿಲಿಂಡರುಗಳ ನಡುವೆ ಹಾಯುತ್ತಿತ್ತು. ಹೀಗಾಗಿ ಬೇಗ ಕುದಿಯುತ್ತಿತ್ತು. ಭಾರ ಹೊತ್ತ ಟ್ರಕ್ಕುಗಳಿಗೆ ಇದು ದೊಡ್ಡ ಪೀಡೆ. ಜೋರಾ ಆರ್ಕಸ್-ಡಂಟೋವ್ ಎಂಬ ಎಂಜಿನಿಯರ್ 1940ರ ದಶಕದಲ್ಲಿ ಇದಕ್ಕೆ ಮದ್ದಾಗಿ ವಾಲ್ವುಗಳನ್ನು ಮೇಲಕ್ಕೆ ಒಯ್ಯುವ ಅಲ್ಯುಮಿನಿಯಂ ಹೆಡ್ಡು ಮಾಡಿದ. ಅದಕ್ಕೆ ಆರ್ಡನ್ ಎಂದು ಹೆಸರು. ಟ್ರಕ್ಕಿನವರು ಅದನ್ನು ಅಷ್ಟಾಗಿ ಕೊಳ್ಳಲಿಲ್ಲ. ಕೊಂಡವರು ಹಾಟ್ ರಾಡ್ ಹುಡುಗರು, ಕುದಿಯದ ಎಂಜಿನ್ನಿನಿಂದ ಇನ್ನೂ ಎಷ್ಟು ಹಿಂಡಬಹುದು ಅಂತ ಅವರಿಗೆ ಗೊತ್ತಿತ್ತು. ಮಾಡಿದವನು ಒಂದಕ್ಕೆ ಮಾಡಿದ, ಬಳಸಿದವರು ಇನ್ನೊಂದಕ್ಕೆ ಬಳಸಿದರು. ಆದರೂ ಎರಡೂ ಕಡೆ ಹೆಡ್ಡು ಕೆಲಸ ಮಾಡಿತು. ಡಂಟೋವ್ ಮುಂದೆ ಷೆವರ್ಲೆ ಕಂಪನಿ ಸೇರಿ ಕಾರ್ವೆಟ್ ಕಾರಿಗೆ ಹೆಸರು ತಂದುಕೊಟ್ಟ.

ಈಗ ಮೊದಲನೆಯ ಗೆಳೆಯರಿಗೆ ಬರುತ್ತೇನೆ, ಪರಂಪರೆಯ ಕೊಲೆ ಅನ್ನುವವರಿಗೆ. ಅವರ ಮಾತಿನಲ್ಲಿ ಅರ್ಧ ಹುರುಳಿದೆ. ಒಂದು ಜಾತಿಯ ಕಾರು ಜಗತ್ತಿನಲ್ಲಿ ಒಂದೋ ಎರಡೋ ಉಳಿದಿದ್ದರೆ, ಅದೂ ಸರ್ವಾಂಗ ಸಮೇತ ಇದ್ದರೆ, ಅದರ ಮೇಲೆ ಗರಗಸ ಇಡುವವನನ್ನು ನಾನೂ ಬೈಯುತ್ತೇನೆ. ಅದು ಒಂದೇ ಉಳಿದ ತಾಳೆಗರಿ ಪ್ರತಿಯ ಮೇಲೆ ತಿದ್ದುಪಡಿ ಬರೆದ ಹಾಗೆ. ಆದರೆ ಲಕ್ಷಗಟ್ಟಲೆ ಹುಟ್ಟಿ, ಸಾವಿರಗಟ್ಟಲೆ ತುಕ್ಕು ಹಿಡಿದು, ಕುಲುಮೆಗೆ ಹೋಗಲಿದ್ದ ಬಂಡಿಯ ಬಾಡಿ ಎತ್ತಿ ತಂದವನು ಕೊಲೆಗಾರ ಹೇಗಾದಾನು? ಅವನ ಕೈಗೆ ಸಿಗದಿದ್ದರೆ ಆ ತಗಡು ಇವತ್ತು ಯಾವುದೋ ಸೇತುವೆಯ ಸರಳಾಗಿರುತ್ತಿತ್ತು.

ಡೋನ್ ಸ್ಪೆನ್ಸರ್ ಎಂಬವನ ಕಾರನ್ನೇ ತಗೊಳ್ಳಿ. 1932ರ ಫೋರ್ಡ್ ರೋಡ್‌ಸ್ಟರ್. ಮುಂದಿನ ಗಾಜು ನಡುವೆ ಮಡಿಸಿದ ಹಾಗೆ ವಿ ಆಕಾರದ್ದು, ಡುವಾಲ್ ವಿನ್ಯಾಸದ್ದು. ಮೆಕ್ಸಿಕೋದಲ್ಲಿ 1950ರಿಂದ 1954ರವರೆಗೆ ನಡೆದ ಕರೇರಾ ಪಾನಾಮೆರಿಕಾನಾ ಎಂಬ ದೂರದ ರೇಸಿಗೆ ಹೋಗಬೇಕೆಂದು ಸ್ಪೆನ್ಸರ್ ಅದನ್ನು ಸಜ್ಜು ಮಾಡಿದ. ಕೆಟ್ಟ ರಸ್ತೆಯಲ್ಲಿ ಸೈಲೆನ್ಸರ್ ಕೊಳವೆ ನೆಲಕ್ಕೆ ತಾಗಬಾರದೆಂದು ಚಾಸಿಯ ಉಕ್ಕನ್ನೇ ಕೊರೆದು ಅದರ ನಡುವಿನಿಂದ ಕೊಳವೆ ಹಾಯಿಸಿದ. ರೇಸೇ ನಿಂತುಹೋಯಿತು, ಕಾರು ಅಲ್ಲಿಗೆ ಹೋಗಲೇ ಇಲ್ಲ. ಆದರೆ 1997ರಲ್ಲಿ, ಕಾರ್ಖಾನೆಯಿಂದ ಬಂದ ರೂಪದ ಒಂದು ಸ್ಕ್ರೂ ಕೂಡ ಬದಲಾಗಬಾರದೆನ್ನುವ ಮಡಿವಂತರ ಪೆಬಲ್ ಬೀಚ್ ಪ್ರದರ್ಶನ ಮೊಟ್ಟಮೊದಲು ಹಾಟ್ ರಾಡುಗಳಿಗೆ ಬಾಗಿಲು ತೆರೆದಾಗ, ಆ ವರ್ಗದಲ್ಲಿ ಗೆದ್ದದ್ದು ಇದೇ ಕಾರು. ಈಗ ಆ ಕೊರೆದ ಚಾಸಿಯೇ ಪರಂಪರೆ. ಅದನ್ನು ಮುಚ್ಚಿ ಮೊದಲಿನ ಹಾಗೆ ಮಾಡುತ್ತೇನೆ ಅಂತ ಯಾರಾದರೂ ಹೊರಟರೆ ಪರಂಪರೆಯ ಕೊಲೆ ಅಂತ ಕೂಗುವ ಸರದಿ ಹಾಟ್ ರಾಡಿನವರದು!

ಈ ಕಾರು ನಮ್ಮ ದೇಶದಲ್ಲಿ ಇದ್ದಿದ್ದರೆ ಏನಾಗುತ್ತಿತ್ತು? 2021ರಲ್ಲಿ ಕೇಂದ್ರ ಸರ್ಕಾರ ಹಳೆಯ ವಾಹನಗಳಿಗೆ ನಿಯಮ ಮಾಡಿತು. ಐವತ್ತು ವರ್ಷ ದಾಟಿದ ವಾಹನ, ಮೂಲ ರೂಪದಲ್ಲಿ ಇರಬೇಕು, ಚಾಸಿ, ಬಾಡಿ, ಎಂಜಿನ್ ಯಾವುದರಲ್ಲೂ ದೊಡ್ಡ ಮಾರ್ಪಾಡು ಆಗಿರಬಾರದು. ಹಾಗಿದ್ದರೆ 20,000 ರೂಪಾಯಿ ಶುಲ್ಕ ಕಟ್ಟಿ ವಿಂಟೇಜ್ ಎಂದು ನೋಂದಾಯಿಸಬಹುದು, ನಂಬರ್ ಪ್ಲೇಟಿನಲ್ಲಿ 'ವಿಎ' ಅಕ್ಷರ ಸಿಗುತ್ತದೆ. ಪ್ರದರ್ಶನ, ರ್‍ಯಾಲಿಯಂಥ ಕಾರಣಕ್ಕೆ ರಸ್ತೆಗೆ ತರಬಹುದು, ದಿನನಿತ್ಯ ಓಡಿಸುವಂತಿಲ್ಲ. ಸ್ಪೆನ್ಸರನ ಕಾರಿಗೆ ಈ ಮರ್ಯಾದೆ ಇಲ್ಲ, ಚಾಸಿ ಕೊರೆದಿದೆ. ಮಾಮೂಲಿ ಕಾರೆಂದು ಓಡಿಸೋಣವೆಂದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ: ತಯಾರಕ ಹೇಳಿದ್ದಕ್ಕೂ ಆರ್‌ಸಿ ಪುಸ್ತಕದ ವಿವರಕ್ಕೂ ವ್ಯತ್ಯಾಸ ಬರುವ ಹಾಗೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಖಡಾಖಂಡಿತ ಹೇಳಿತು. ಅದೇ ವರ್ಷದ ತಿದ್ದುಪಡಿಯಿಂದ, ಅನುಮತಿಯಿಲ್ಲದೆ ಬದಲಿಸಿದ ಮಾಲೀಕನಿಗೆ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.

ಕಾನೂನು ಮಾಡಿದವರು ಮೂರ್ಖರು ಅಂತ ನಾನು ಹೇಳುತ್ತಿಲ್ಲ. ಕಿವಿ ಹರಿಯುವ ಸೈಲೆನ್ಸರು, ಕಣ್ಣು ಕುಕ್ಕುವ ದೀಪ ಹಾಕಿಕೊಂಡು ಮೆರೆಯುವವರನ್ನು ನಮ್ಮ ಮುಂಬಯಿಯಲ್ಲಿ ದಿನಾ ನೋಡುತ್ತೇವೆ. ಉತ್ತರದ ರಾಜ್ಯಗಳಲ್ಲಿ ಪಂಪ್‌ಸೆಟ್ಟಿನ ಡೀಸೆಲ್ ಎಂಜಿನ್ನಿಗೆ ಹಲಗೆ, ಚಕ್ರ ಹೊಡೆದು ಮಾಡುವ 'ಜುಗಾಡ್' ಬಂಡಿಗಳ ಮೇಲೆ ಜನ ಕುರಿಗಳ ಹಾಗೆ ತುಂಬಿಕೊಂಡು ಹೋಗುತ್ತಾರೆ. ನೋಂದಣಿ ಇಲ್ಲ, ವಿಮೆ ಇಲ್ಲ, ಗುದ್ದಿದರೆ ಪರಿಹಾರಕ್ಕೆ ಯಾರನ್ನು ಕೇಳಬೇಕು? ಅದೂ ಮೋಟಾರು ವಾಹನವೇ, ಕಾಯ್ದೆ ಅದಕ್ಕೂ ಅನ್ವಯಿಸುತ್ತದೆ ಅಂತ ಸುಪ್ರೀಂ ಕೋರ್ಟು 2013ರಲ್ಲಿ ಹೇಳಿದ್ದು ಸರಿಯಾಗಿಯೇ ಇದೆ. ರಸ್ತೆ ನನ್ನಪ್ಪನದಲ್ಲ. ನನ್ನ ಕಲೆಗೆ ದಾರಿಹೋಕನ ಕಾಲು ಬಲಿಯಾಗಬಾರದು.

ನನ್ನ ಪ್ರಶ್ನೆ ಬೇರೆ. ಬ್ರೇಕು ಹಿಡಿಯುತ್ತದೆಯೇ ಅಂತ ಪರೀಕ್ಷಿಸುವ ಬದಲು, ಹುಟ್ಟಿದ ಹಾಗೆಯೇ ಇದೆಯೇ ಅಂತ ಜಾತಕ ನೋಡಿದರೆ ಸುರಕ್ಷತೆ ಬಂದೀತೇ? ಸರಳಿನ ಬ್ರೇಕಿನ 1932ರ ಕಾರು ನಮ್ಮ ನಿಯಮದ ಕಣ್ಣಿಗೆ ಶುದ್ಧ. ಅದಕ್ಕೇ ಎಣ್ಣೆಯ ಬ್ರೇಕು, ಗಟ್ಟಿ ಚಾಸಿ ಹಾಕಿ ಚೆನ್ನಾಗಿ ನಿಲ್ಲುವ ಹಾಗೆ ಮಾಡಿದರೆ ಮೈಲಿಗೆ! ಬ್ರಿಟನ್ನಿನಲ್ಲಿ ಒಬ್ಬನೇ ಕೂತು ಕಟ್ಟಿದ ಒಂದೇ ಒಂದು ಕಾರಿಗೂ ಪರೀಕ್ಷೆಯ ವ್ಯವಸ್ಥೆಯಿದೆ. ಪರೀಕ್ಷಕರು ಆ ಬಂಡಿಯನ್ನೇ ಎದುರಿಗಿಟ್ಟುಕೊಂಡು ಬ್ರೇಕು, ಸ್ಟಿಯರಿಂಗು, ದೀಪ, ಹೊಗೆ, ಸದ್ದು, ಚೂಪಾದ ಅಂಚು ಎಲ್ಲ ನೋಡಿ ಪಾಸೋ ಫೇಲೋ ಹೇಳುತ್ತಾರೆ. ಅಮೆರಿಕದಲ್ಲೂ ಹುಡುಗರು ಊರ ಬೀದಿಯಲ್ಲಿ ರೇಸು ಹಚ್ಚಿ ಜನರ ಶಾಪ ತಿಂದ ಕಾಲವಿತ್ತು. ಆಗ 'ಹಾಟ್ ರಾಡ್' ಪತ್ರಿಕೆಯ ಸಂಪಾದಕ ವಾಲಿ ಪಾರ್ಕ್ಸ್ 1951ರಲ್ಲಿ ರಾಷ್ಟ್ರೀಯ ಸಂಸ್ಥೆ ಕಟ್ಟಿ, ಅವರನ್ನು ಬೀದಿಯಿಂದ ರೇಸಿನ ಪಟ್ಟಿಗೆ ಒಯ್ದ. ಓಡುವ ಮುಂಚೆ ಗಾಡಿಯ ತಪಾಸಣೆ ಕಡ್ಡಾಯವಾಯಿತು. ಹುಚ್ಚಿಗೆ ಶಿಸ್ತು ಬಂದದ್ದು ಹೀಗೆ.

ಇಂಥದ್ದು ನಮ್ಮವರ ಕೈಲಾಗದ ಕೆಲಸ ಅಂತ ದಯವಿಟ್ಟು ಹೇಳಬೇಡಿ. ಮದರಾಸಿನ ಹತ್ತಿರ ಶೋಲವರಂನಲ್ಲಿ ಯುದ್ಧಕಾಲದ ವಿಮಾನ ಪಟ್ಟಿಯ ಮೇಲೆ ದಶಕಗಟ್ಟಲೆ ರೇಸು ನಡೆಯಿತು. ಕೊಯಮತ್ತೂರಿನ ಎಸ್. ಕರಿವರ್ಧನ್ 1980ರ ದಶಕದ ಕೊನೆಗೆ ನಮ್ಮ ನಿಮ್ಮ ಮನೆಯ ಮಾರುತಿ 800ರ ಎಂಜಿನ್ ಇಟ್ಟು ಒಂಟಿ ಸೀಟಿನ ರೇಸುಗಾಡಿ ಮಾಡಿದರು. ಆ ಫಾರ್ಮುಲಾ ಮಾರುತಿಯಲ್ಲಿ ಪಳಗಿದ ನಾರಾಯಣ್ ಕಾರ್ತಿಕೇಯನ್ 2005ರಲ್ಲಿ ಫಾರ್ಮುಲಾ ಒನ್ ಮುಟ್ಟಿದರು. ನಮ್ಮ ಊರಿನದೇ ನೋಡಿ: ಕುರ್ಲಾದಲ್ಲಿ ಹುಟ್ಟುತ್ತಿದ್ದ ಪ್ರೀಮಿಯರ್ ಪದ್ಮಿನಿ 2023ರ ಅಕ್ಟೋಬರಿನಲ್ಲಿ ಟ್ಯಾಕ್ಸಿಯಾಗಿ ಮುಂಬಯಿ ರಸ್ತೆಯಿಂದ ಕೊನೆಯ ಸಲ ಇಳಿಯಿತು. ಎಷ್ಟೋ ಮಂದಿ ಕಣ್ಣೀರು ಹಾಕಿದರು, ಫೋಟೋ ತೆಗೆಸಿಕೊಂಡರು. ಆದರೆ ಆ 1089 ಸಿಸಿ ಎಂಜಿನ್ನನ್ನು ಕಣ್ಣು ಮುಚ್ಚಿ ಬಿಚ್ಚಿ ಜೋಡಿಸಬಲ್ಲ ಮೇಸ್ತ್ರಿಗಳು ಈ ಊರಿನ ಗಲ್ಲಿಗಳಲ್ಲಿ ಇದ್ದಾರೆ. ಅವರಿಗೆ ವಯಸ್ಸಾಗುತ್ತಿದೆ. ಒಂದು ಪದ್ಮಿನಿಯನ್ನು ಮ್ಯೂಸಿಯಮ್ಮಿನಲ್ಲಿ ಇಡೋಣ, ಬೇಡ ಅನ್ನುವವನಲ್ಲ ನಾನು. ಉಳಿದ ಹತ್ತರಲ್ಲಿ ಒಳ್ಳೆಯ ಬ್ರೇಕು ಹಾಕಿ, ಹೊಸ ಎಂಜಿನ್ ಕೂರಿಸಿ, ಪರೀಕ್ಷೆ ಮಾಡಿಸಿ ಓಡಿಸುವ ದಾರಿ ಇದ್ದರೆ ಆ ಮೇಸ್ತ್ರಿಯ ಕೈಯ ವಿದ್ಯೆಗೆ ಒಬ್ಬ ಶಿಷ್ಯನಾದರೂ ಸಿಗುತ್ತಾನೆ. ಗಾಜಿನ ಪೆಟ್ಟಿಗೆಯಲ್ಲಿ ಕಾರು ಉಳಿಯುತ್ತದೆ, ಕಸುಬು ಉಳಿಯುವುದಿಲ್ಲ.

ಇನ್ನು, ಸಾಹಿತ್ಯ ಸಂಘಕ್ಕೂ ಇದಕ್ಕೂ ಏನು ಅಂತ ಕೇಳಿದವರಿಗೆ. ಹತ್ತನೆಯ ಶತಮಾನದಲ್ಲಿ ಪಂಪ ವ್ಯಾಸರ ಚಾಸಿ ತಂದ. ತನ್ನ ದೊರೆ ಅರಿಕೇಸರಿಯನ್ನು ಅರ್ಜುನನೊಳಗೆ ಕೂರಿಸಿದ. ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯಾಗಿ ಮಾಡಿದ. ಮೂಲ ತಯಾರಕರು ಹೇಳಿದ್ದಕ್ಕೂ ಇದಕ್ಕೂ ವ್ಯತ್ಯಾಸ ಬಂತು ನಿಜ. ನಮ್ಮ ನಿಯಮದ ಪ್ರಕಾರ 'ವಿಕ್ರಮಾರ್ಜುನ ವಿಜಯ'ಕ್ಕೆ ವಿಎ ಪ್ಲೇಟು ಸಿಗುವುದಿಲ್ಲ! ಆದರೂ ಸಾವಿರ ವರ್ಷದಿಂದ ಓಡುತ್ತಿದೆ. ಇತ್ತ ನಮ್ಮ ಪತ್ರಿಕೆಗೆ ಬರುವ ಕವಿತೆಗಳನ್ನು ನೋಡಿ. ಮಾಟುಂಗದಲ್ಲೋ ಡೊಂಬಿವಿಲಿಯಲ್ಲೋ ಹುಟ್ಟಿ ಬೆಳೆದವರು ಅಜ್ಜಿಯ ಮನೆಯ ಅಡಕೆ ತೋಟ, ಕಂಬಳಿ, ಸೋನೆಮಳೆ ಅಂತ ಬರೆಯುತ್ತೇವೆ. ಔಷಧಿ ಹಚ್ಚಿ ಬರಿಸಿದ ತುಕ್ಕು. ಎರಡು ಹಳಗನ್ನಡ ಪದ ಸಿಕ್ಕಿಸುತ್ತೇವೆ. ಕ್ರೋಮು ಬಳಿದ, ಬಿಚ್ಚದ ಮುಚ್ಚಳ. ಆದರೆ ನಾವು ಮನೆಯಲ್ಲಿ ಆಡುವ ಕನ್ನಡ ಇದೆಯಲ್ಲ, ಅಪ್ಪನ ಊರಿನ ಚಾಸಿ, ಮರಾಠಿಯ ಗೇರು, ಲೋಕಲ್ ರೈಲಿನ ಹಿಂದಿಯ ಚಕ್ರ, ಅದು ದಿನಾ ಓಡುತ್ತಿದೆ. ಊರಿಗೆ ಹೋದಾಗ ನೆಂಟರು "ಇದ್ಯಾವ ಕನ್ನಡ ಮಾರಾಯ" ಅಂತ ನಗುತ್ತಾರೆ, ನಗಲಿ. ಅದರಲ್ಲಿ ಅವ್ವನಿಗೆ ಹೇಳಬೇಕಾದ್ದನ್ನೆಲ್ಲ ಹೇಳುತ್ತೇವೆ, ಜಗಳವಾಡುತ್ತೇವೆ, ಅದರ ಪ್ರತಿ ಭಾಗಕ್ಕೂ ಕೆಲಸವಿದೆ. ಅದರಲ್ಲೊಂದು ಕವಿತೆ ಯಾರಾದರೂ ಬರೆದು ತಂದರೆ, ಹುಟ್ಟಿದ ಹಾಗೆ ಇಲ್ಲ ಅಂತ ತಿರುಗಿಸಿ ಕಳಿಸಬೇಡಿ ಎಂದು ಸಂಪಾದಕರಲ್ಲಿ ವಿನಂತಿ. ಆದರೆ ಬ್ರೇಕು ಹಿಡಿಯುತ್ತದೋ ಅಂತ ಮಾತ್ರ ನೋಡಿ. ಅದು ಹಾಟ್ ರಾಡಿನವರೂ ಬಿಟ್ಟಿಲ್ಲ.

ಕಾರಿನ ವಿಷಯಕ್ಕೆ ನನ್ನ ಬೇಡಿಕೆ ಚಿಕ್ಕದು. ವಿಂಟೇಜ್ ನಿಯಮ ಇರಲಿ, ಅದು ಮೂಲ ರೂಪ ಕಾಪಾಡಲಿ. ಅದರ ಪಕ್ಕದಲ್ಲಿ ಇನ್ನೊಂದು ಬಾಗಿಲು ತೆಗೆಯಿರಿ. ಕಟ್ಟಿದವನು ತನ್ನ ಬಂಡಿ ತಂದು ನಿಲ್ಲಿಸಲಿ. ಬಲ್ಲವರು ಅದರ ವೆಲ್ಡಿಂಗು ತಟ್ಟಿ ನೋಡಲಿ, ಬ್ರೇಕು ತುಳಿದು ನೋಡಲಿ, ಹೊಗೆ ಅಳೆಯಲಿ. ಸರಿಯಿಲ್ಲದಿದ್ದರೆ ಮುಲಾಜಿಲ್ಲದೆ ವಾಪಸು ಕಳಿಸಲಿ. ಸರಿಯಿದ್ದರೆ ಒಂದು ನಂಬರು ಕೊಡಲಿ. ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಿರಿ, ಜಗಳ ಆಡೋಣ. ಸಂಪಾದಕರಿಗೂ ಪುಟ ತುಂಬಿದ ಹಾಗಾಗುತ್ತದೆ.